ಪ್ರೇರಿ ಬಯಲಿನ ಕರಿಮಣ್ಣು: ಅಸಲು, ಬಡ್ಡಿ ಮತ್ತು ಬೇಸಾಯ

ವ್ಯಾಪಾರದ ಖಾತೆ ಬರೆಯುವ ಪ್ರತಿಯೊಬ್ಬರಿಗೂ ಅಸಲು ಮತ್ತು ಬಡ್ಡಿಯ ವ್ಯತ್ಯಾಸ ತಿಳಿದಿರುತ್ತದೆ. ಬಡ್ಡಿಯಲ್ಲಿ ಬದುಕುವ ಪೇಢಿ ತಲೆಮಾರುಗಳ ಕಾಲ ನಿಲ್ಲುತ್ತದೆ. ಅಸಲನ್ನೇ ಲಾಭವೆಂದು ಬಗೆದು ಖರ್ಚು ಮಾಡುವ ಪೇಢಿ ಕೆಲವು ವರ್ಷ ವೈಭವದಿಂದ ನಡೆದು ಒಂದು ದಿನ ಬಾಗಿಲು ಮುಚ್ಚುತ್ತದೆ. ಕೃಷಿಭೂಮಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಮಣ್ಣಿನ ಕಿರ್ದಿಯನ್ನು ದಿನಂಪ್ರತಿ ಬರೆಯುವವರು ಯಾರೂ ಇಲ್ಲವಾದುದರಿಂದ ಅಲ್ಲಿ ಅಸಲು ಕರಗುತ್ತಿರುವುದು ಬಹುಕಾಲ ಕಣ್ಣಿಗೆ ಬೀಳುವುದಿಲ್ಲ.

ಈ ಮಾತಿಗೆ ಅತ್ಯುತ್ತಮ ನಿದರ್ಶನವೆಂದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಪ್ರೇರಿ ಬಯಲು. ಪ್ರೇರಿ ಎಂದರೆ ಮರಗಳು ವಿರಳವಾಗಿದ್ದು ಆಳೆತ್ತರದ ಹುಲ್ಲು ಬೆಳೆದಿದ್ದ ವಿಶಾಲ ಬಯಲು. ಆ ಬಯಲಿನ ಮಣ್ಣು ಜಗತ್ತಿನ ಅತ್ಯಂತ ಫಲವತ್ತಾದ ಮಣ್ಣುಗಳ ಪಂಕ್ತಿಯಲ್ಲಿ ನಿಲ್ಲುತ್ತದೆ. ಅದರಲ್ಲಿಯೂ 'ಡ್ರಮ್ಮರ್' ಎಂಬ ಹೆಸರಿನ ಜೇಡಿಗೋಡು ಮಣ್ಣು ಆ ರಾಜ್ಯದಲ್ಲಿ 15 ಲಕ್ಷ ಎಕರೆಗೂ ಹೆಚ್ಚು ಪ್ರದೇಶದಲ್ಲಿ ಹರಡಿಕೊಂಡಿದೆ. ಫೋರ್ಡ್ ಜಿಲ್ಲೆಯಲ್ಲಿ ಹರಿಯುವ ಒಂದು ಹಳ್ಳದಿಂದ ಬಂದ ಈ ಹೆಸರು 1929ರಲ್ಲಿ ಮಣ್ಣು ಸಮೀಕ್ಷೆಯ ದಾಖಲೆಗೆ ಸೇರಿತು. 2001ರಲ್ಲಿ ಇಲಿನಾಯ್ ಶಾಸನಸಭೆಯು ಇದನ್ನು ರಾಜ್ಯದ ಅಧಿಕೃತ ಮಣ್ಣೆಂದು ಅಂಗೀಕರಿಸಿತು. ರಾಜ್ಯಪಕ್ಷಿ, ರಾಜ್ಯಪುಷ್ಪಗಳಂತೆ ಮಣ್ಣಿಗೂ ಒಂದು ಸ್ಥಾನ ದೊರೆತಿರುವುದು ಆ ನಾಡಿನ ಆರ್ಥಿಕತೆಯಲ್ಲಿ ಅದಕ್ಕಿರುವ ಬೆಲೆಯನ್ನು ಸೂಚಿಸುತ್ತದೆ.

ಈ ಮಣ್ಣು ಹೇಗೆ ಹುಟ್ಟಿತು, ಅದರ ಬೆನ್ನಿಗೆ ಯಾವ ಯಾವ ಉದ್ಯಮಗಳು ಬೆಳೆದವು, ಅದನ್ನು ಇಂದು ಹೇಗೆ ಸಾಗುವಳಿ ಮಾಡಲಾಗುತ್ತಿದೆ, ಅದರ ಖಾತೆಯಲ್ಲಿ ಜಮಾ ಎಷ್ಟು, ಖರ್ಚು ಎಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಣ್ಣು ಹುಟ್ಟಿದ ಬಗೆ

ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದಿದ್ದ ಹಿಮರಾಶಿಯು ಇಲಿನಾಯ್ ಪ್ರದೇಶದ ಬಹುಭಾಗವನ್ನು ಸವರಿ ಸಪಾಟು ಮಾಡಿತು. ಹಿಮ ಕರಗಿದಾಗ ಮಿಸಿಸಿಪಿ ಮತ್ತು ಇಲಿನಾಯ್ ನದಿಗಳ ಪಾತ್ರಗಳಲ್ಲಿ ಅಪಾರ ಹೂಳು ತುಂಬಿಕೊಂಡಿತು. ಚಳಿಗಾಲದಲ್ಲಿ ನೀರು ಇಳಿದೊಡನೆ ಒಣಗಿದ ಈ ಹೂಳನ್ನು ಪಶ್ಚಿಮದ ಗಾಳಿ ಎತ್ತಿ ತಂದು ಬಯಲಿನ ಮೇಲೆ ಹರಡಿತು. ಗಾಳಿ ಹೊತ್ತು ತಂದ ಈ ನುಣುಪಾದ ಮಣ್ಣನ್ನು ಭೂವಿಜ್ಞಾನಿಗಳು 'ಲೋಯೆಸ್' ಎಂದು ಕರೆಯುತ್ತಾರೆ. ಡ್ರಮ್ಮರ್ ಮಣ್ಣಿನಲ್ಲಿ ಈ ಪದರ ಸುಮಾರು 40ರಿಂದ 60 ಅಂಗುಲ ದಪ್ಪವಿದ್ದು, ಅದರ ಕೆಳಗೆ ಹಿಮನೀರು ತಂದ ಮರಳು ಮಿಶ್ರಿತ ಮಣ್ಣಿದೆ. ಉದ್ದಕ್ಕೂ ಬಂಡೆಯ ತಡೆಯಿಲ್ಲ. ಬೇರು ಎಷ್ಟು ಆಳಕ್ಕಾದರೂ ಇಳಿಯಬಹುದು.

ಈ ನೆಲದ ಮೇಲೆ ಸಾವಿರಾರು ವರ್ಷ ಹುಲ್ಲು ಬೆಳೆಯಿತು. ಪ್ರೇರಿಯ ಹುಲ್ಲುಗಳ ದೊಡ್ಡ ಪಾಲು ನೆಲದ ಒಳಗಿರುತ್ತದೆ. ಬೇರುಗಳಲ್ಲಿ ಒಂದಷ್ಟು ಪ್ರತಿ ವರ್ಷ ಸಾಯುತ್ತವೆ, ಹೊಸವು ಹುಟ್ಟುತ್ತವೆ. ಸತ್ತ ಬೇರು ಅಲ್ಲಿಯೇ ಕೊಳೆತು ಸಾವಯವ ಅಂಶವಾಗಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಚಳಿಗಾಲ ದೀರ್ಘವಾಗಿದ್ದು ತಗ್ಗಿನಲ್ಲಿ ನೀರು ನಿಲ್ಲುತ್ತಿದ್ದುದರಿಂದ ಕೊಳೆಯುವ ಕ್ರಿಯೆ ನಿಧಾನವಾಗಿತ್ತು. ಹೀಗೆ ಜಮೆಯು ಖರ್ಚಿಗಿಂತ ಸದಾ ಹೆಚ್ಚಾಗಿದ್ದು, ಒಂದಡಿಗೂ ಹೆಚ್ಚು ದಪ್ಪದ ಕಪ್ಪು ಮೇಲ್ಮಣ್ಣು ಶೇಖರವಾಯಿತು. ಸಾಗುವಳಿಗೆ ಬಂದು ಒಂದೂವರೆ ಶತಮಾನ ಕಳೆದ ನಂತರವೂ ಉತ್ತಮ ಡ್ರಮ್ಮರ್ ಹೊಲದ ಮೇಲ್ಮಣ್ಣಿನಲ್ಲಿ ಶೇಕಡಾ 4ಕ್ಕೂ ಹೆಚ್ಚು ಸಾವಯವ ಅಂಶ ಕಂಡುಬರುತ್ತದೆ. ಐದು ಅಡಿ ಆಳದ ಮಣ್ಣು ಬೆಳೆಗೆ ದಕ್ಕುವಂತೆ ಸುಮಾರು 10ರಿಂದ 12 ಅಂಗುಲ ಮಳೆಯಷ್ಟು ನೀರನ್ನು ಹಿಡಿದಿಡಬಲ್ಲದು. ಆದುದರಿಂದಲೇ ಮಧ್ಯ ಇಲಿನಾಯ್‌ನ ಬಹುತೇಕ ಹೊಲಗಳಿಗೆ ನೀರಾವರಿಯ ಅಗತ್ಯವೇ ಬಿದ್ದಿಲ್ಲ.

ಫಲವತ್ತಾಗಿದ್ದರೂ ಪೈರು ಬಾರದ ನೆಲ

ಇಷ್ಟು ಶ್ರೀಮಂತವಾದ ಮಣ್ಣನ್ನು ಯುರೋಪಿನ ಮೂಲದ ವಲಸೆಗಾರರು ಮೊದಲಿಗೆ ಮುಟ್ಟಲಿಲ್ಲ. ಆ ನೆಲ ಅವರಿಗಿಂತ ಮುಂಚೆ ಕಿಕಪೂ, ಪಟವಾಟಮಿ ಮೊದಲಾದ ಮೂಲನಿವಾಸಿ ಜನಾಂಗಗಳದ್ದಾಗಿತ್ತು. 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದ ಮತ್ತು 1833ರ ಷಿಕಾಗೊ ಒಪ್ಪಂದಗಳ ಮೂಲಕ ಅವರನ್ನು ಮಿಸಿಸಿಪಿ ನದಿಯ ಆಚೆಗೆ ಕಳುಹಿಸಲಾಯಿತು. ಈ ಮಣ್ಣಿನ ಲೆಕ್ಕ ಬರೆಯುವಾಗ ಮೊದಲ ಪುಟದಲ್ಲಿ ಈ ಬಾಬತ್ತನ್ನೂ ನಮೂದಿಸುವುದು ನ್ಯಾಯ.

ವಲಸೆಗಾರರಿಗೆ ಎದುರಾದ ತೊಡಕುಗಳು ಎರಡು. ಮೊದಲನೆಯದು ಉಳುಮೆಯ ತೊಡಕು. ಪೂರ್ವದ ರಾಜ್ಯಗಳಿಂದ ತಂದ ಎರಕದ ಕಬ್ಬಿಣದ ನೇಗಿಲಿಗೆ ಈ ಜಿಗುಟು ಮಣ್ಣು ಅಂಟಿಕೊಳ್ಳುತ್ತಿತ್ತು. ಕೆಲವು ಹೆಜ್ಜೆಗೊಮ್ಮೆ ನಿಂತು ಮಣ್ಣನ್ನು ಕೆರೆದು ತೆಗೆಯಬೇಕಾಗಿತ್ತು. 1837ರಲ್ಲಿ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡೀರ್ ಎಂಬ ಕಮ್ಮಾರನು ಮುರಿದ ಗರಗಸದ ಉಕ್ಕಿನಿಂದ ನಯವಾಗಿ ಉಜ್ಜಿದ ನೇಗಿಲನ್ನು ಮಾಡಿದನು. ಮಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಯಿತು. 1848ರಲ್ಲಿ ಆತನು ಮಿಸಿಸಿಪಿ ದಡದ ಮೊಲೀನ್ ಪಟ್ಟಣಕ್ಕೆ ಕಾರ್ಖಾನೆಯನ್ನು ಸ್ಥಳಾಂತರಿಸಿದನು. ಒಂದು ಕಮ್ಮಾರಸಾಲೆಯು ಗಿರಾಕಿಯ ನೆಲದ ಗುಣವನ್ನು ಅರಿತು ಮಾಲು ತಯಾರಿಸಿದ ಫಲವಾಗಿ ಜಗದ್ವಿಖ್ಯಾತ ಯಂತ್ರೋದ್ಯಮವಾಗಿ ಬೆಳೆಯಿತು.

ಎರಡನೆಯದು ನೀರಿನ ತೊಡಕು. ಡ್ರಮ್ಮರ್ ಮಣ್ಣು ತಗ್ಗಿನಲ್ಲಿರುವ ಸಪಾಟಾದ ನೆಲ; ಇಳಿಜಾರು ಶೇಕಡಾ 2ನ್ನು ಮೀರುವುದಿಲ್ಲ. ವಸಂತಕಾಲದ ಮಳೆನೀರು ವಾರಗಟ್ಟಲೆ ನಿಲ್ಲುತ್ತಿತ್ತು. ಬಿತ್ತನೆ ಸಾಧ್ಯವಾಗುತ್ತಿರಲಿಲ್ಲ, ಸೊಳ್ಳೆಯಿಂದ ಚಳಿಜ್ವರ ಮನೆಮನೆಯನ್ನೂ ಕಾಡುತ್ತಿತ್ತು. ಇದಕ್ಕೆ ಪರಿಹಾರ ದೊರೆತದ್ದು ಸುಟ್ಟ ಜೇಡಿಮಣ್ಣಿನ ಕೊಳವೆಗಳಿಂದ. ನ್ಯೂಯಾರ್ಕ್ ರಾಜ್ಯದ ಜಾನ್ ಜಾನ್‌ಸ್ಟನ್ ಎಂಬ ರೈತನು 1835ರಲ್ಲಿ ತನ್ನ ಹುಟ್ಟುನಾಡಾದ ಸ್ಕಾಟ್ಲೆಂಡಿನಿಂದ ಇಂತಹ ಕೊಳವೆಯ ಮಾದರಿಯನ್ನು ತರಿಸಿದ್ದನು. ಸುಮಾರು ಒಂದಡಿ ಉದ್ದದ ಕೊಳವೆಗಳನ್ನು ಮೂರು-ನಾಲ್ಕು ಅಡಿ ಆಳದಲ್ಲಿ ಒಂದಕ್ಕೊಂದು ತಾಗಿಸಿ ಇಟ್ಟು ಮಣ್ಣು ಮುಚ್ಚಿದರೆ, ಹೆಚ್ಚಿನ ನೀರು ಸಂದುಗಳ ಮೂಲಕ ಒಳಸೇರಿ ಹೊರಗಿನ ಬಸಿಗಾಲುವೆಗೆ ಹರಿದುಹೋಗುತ್ತದೆ.

ಒಬ್ಬ ರೈತನ ಹೊಲದ ನೀರು ಮತ್ತೊಬ್ಬನ ಹೊಲವನ್ನು ದಾಟಿಯೇ ಹೋಗಬೇಕಾದುದರಿಂದ ಈ ಕೆಲಸ ಒಂಟಿಯಾಗಿ ಆಗತಕ್ಕದ್ದಲ್ಲ. 1879ರಲ್ಲಿ ಇಲಿನಾಯ್ ಸರ್ಕಾರವು ಬಸಿಗಾಲುವೆ ಕಾಯಿದೆಗಳನ್ನು ಮಾಡಿ, ಭೂಮಾಲೀಕರು ಸಂಘಟಿತರಾಗಿ ತಮಗೆ ದೊರೆಯುವ ಪ್ರಯೋಜನದ ಪ್ರಮಾಣದಲ್ಲಿ ವಂತಿಗೆ ಹಾಕಿಕೊಂಡು ಕಾಲುವೆ ತೋಡಿಸಲು ಅಧಿಕಾರ ನೀಡಿತು. ಕೊಳವೆಗಳ ಬೇಡಿಕೆ ಏರಿತು. 1882ರ ವೇಳೆಗೆ ಮುಖ್ಯವಾಗಿ ಇಲಿನಾಯ್, ಇಂಡಿಯಾನ ಮತ್ತು ಒಹಾಯೊ ರಾಜ್ಯಗಳಲ್ಲಿ ಒಂದು ಸಾವಿರಕ್ಕೂ ಹೆಚ್ಚು ಕೊಳವೆ ಕಾರ್ಖಾನೆಗಳು ನಡೆಯುತ್ತಿದ್ದವು. ಇವುಗಳಲ್ಲಿ ಬಹುಪಾಲು ಹಳ್ಳಿಯ ಅಂಚಿನ ಸಣ್ಣ ಭಟ್ಟಿಗಳು. ತೂಕದ ಮಾಲನ್ನು ದೂರ ಸಾಗಿಸುವುದು ದುಬಾರಿಯಾದುದರಿಂದ ಸ್ಥಳೀಯ ಸಣ್ಣ ಉದ್ಯಮಿಗೆ ಸ್ಥಳೀಯ ಗಿರಾಕಿ ಖಾತ್ರಿಯಾಗಿದ್ದನು. ಇಂದು ಇಲಿನಾಯ್‌ನಲ್ಲಿ ಸುಮಾರು ಒಂದು ಕೋಟಿ ಎಕರೆ ಹೊಲದ ಅಡಿಯಲ್ಲಿ ಇಂತಹ ಕೊಳವೆಗಳಿವೆ ಎಂದು ಅಂದಾಜಿಸಲಾಗಿದೆ. 1960ರ ದಶಕದಿಂದೀಚೆಗೆ ಜೇಡಿಯ ಬದಲು ಸುಕ್ಕುಗಟ್ಟಿದ ಪ್ಲಾಸ್ಟಿಕ್ ಕೊಳವೆ ಬಳಕೆಗೆ ಬಂದಿದೆ.

ಮಣ್ಣಿನ ಬೆನ್ನಿಗೆ ಬಂದ ವಾಣಿಜ್ಯ

ಬೆಳೆದ ಧಾನ್ಯಕ್ಕೆ ಮಾರುಕಟ್ಟೆ ಇಲ್ಲದಿದ್ದರೆ ಮಣ್ಣಿನ ಫಲವತ್ತತೆ ಹಣವಾಗಿ ಪರಿವರ್ತನೆಯಾಗದು. 1848ನೆಯ ವರ್ಷವು ಈ ದೃಷ್ಟಿಯಿಂದ ನೆನಪಿಡತಕ್ಕದ್ದು. ಆ ವರ್ಷ ಇಲಿನಾಯ್-ಮಿಷಿಗನ್ ಕಾಲುವೆ ತೆರೆಯಿತು. ಷಿಕಾಗೊದಿಂದ ಮೊದಲ ರೈಲು ಓಡಿತು. ನಗರದ ಎಂಬತ್ತಕ್ಕೂ ಹೆಚ್ಚು ವರ್ತಕರು ಒಂದುಗೂಡಿ 'ಷಿಕಾಗೊ ಬೋರ್ಡ್ ಆಫ್ ಟ್ರೇಡ್' ಎಂಬ ವರ್ತಕರ ಸಂಘವನ್ನು ಸ್ಥಾಪಿಸಿದರು. 1850ರಲ್ಲಿ ಕೇಂದ್ರ ಸರ್ಕಾರವು ರೈಲುಮಾರ್ಗಕ್ಕಾಗಿ ನೀಡಿದ ಸುಮಾರು 26 ಲಕ್ಷ ಎಕರೆ ಭೂಮಿಯನ್ನು ಇಲಿನಾಯ್ ಸೆಂಟ್ರಲ್ ಕಂಪನಿಯು ಪಡೆದು, 1856ರಲ್ಲಿ ಮಾರ್ಗವನ್ನು ಪೂರ್ಣಗೊಳಿಸಿತು ಮತ್ತು ಆ ಭೂಮಿಯನ್ನು ರೈತರಿಗೆ ಕಂತಿನ ಮೇಲೆ ಮಾರಿತು.

ಅಲ್ಲಿಯವರೆಗೆ ಧಾನ್ಯವು ಚೀಲದಲ್ಲಿ, ಬೆಳೆದವನ ಹೆಸರಿನಲ್ಲಿಯೇ ಸಾಗುತ್ತಿತ್ತು. ರೈಲು ಮತ್ತು ಎತ್ತರದ ಕಣಜಗಳು ಬಂದ ಮೇಲೆ ಸುರಿದ ರಾಶಿಯಾಗಿ ಸಾಗತೊಡಗಿತು. ಹಲವರ ಧಾನ್ಯ ಒಂದೇ ಕಣಜದಲ್ಲಿ ಬೆರೆಯುವುದಾದರೆ ಅದಕ್ಕೊಂದು ದರ್ಜೆ ಇರಲೇಬೇಕು. 1856ರಲ್ಲಿ ವರ್ತಕರ ಸಂಘವು ಗೋಧಿಗೆ ದರ್ಜೆಗಳನ್ನು ಗೊತ್ತುಪಡಿಸಿತು. ದರ್ಜೆ ನಿಶ್ಚಿತವಾದ ಮೇಲೆ ಕಣಜದ ರಸೀತಿಯೇ ವ್ಯಾಪಾರದ ಸರಕಾಯಿತು. 1865ರಲ್ಲಿ ವಾಯಿದಾ ವ್ಯಾಪಾರದ ನಿಯಮಗಳು ಜಾರಿಗೆ ಬಂದವು. ಕಣಜದ ಮಾಲೀಕರು ಬಾಡಿಗೆಯಲ್ಲಿ ಮನಬಂದಂತೆ ನಡೆದುಕೊಳ್ಳುತ್ತಾರೆಂಬ ರೈತರ ದೂರು ಬೆಳೆದು, ರಾಜ್ಯವು ದರಕ್ಕೆ ಮಿತಿ ಹಾಕಿದ್ದನ್ನು 1877ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ಮನ್ ವಿರುದ್ಧ ಇಲಿನಾಯ್' ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. 1922ರಲ್ಲಿ ಡೆಕೇಟರ್ ಪಟ್ಟಣದಲ್ಲಿ ಸ್ಟೇಲಿ ಕಂಪನಿಯು ಸೋಯಾ ಅವರೆಯಿಂದ ಎಣ್ಣೆ ತೆಗೆಯಲು ಆರಂಭಿಸಿದ ನಂತರ ಆ ಪಟ್ಟಣವು ಸೋಯಾ ಉದ್ಯಮದ ಕೇಂದ್ರವಾಯಿತು. ಇಂದಿಗೂ ಷಿಕಾಗೊದ ಸೋಯಾ ಎಣ್ಣೆಯ ವಾಯಿದಾ ದರವನ್ನು ನಮ್ಮ ನಾಡಿನ ಖಾದ್ಯತೈಲ ವರ್ತಕರು ಗಮನಿಸುತ್ತಲೇ ಇರುತ್ತಾರೆ.

ಇಂದಿನ ಬೇಸಾಯ ಕ್ರಮ

ಮಧ್ಯ ಇಲಿನಾಯ್‌ನ ಹೊಲಗಳಲ್ಲಿ ಎರಡೇ ಬೆಳೆಗಳ ರಾಜ್ಯಭಾರ: ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ ಅವರೆ. ಏಪ್ರಿಲ್ ಮಧ್ಯದಿಂದ ಮೇ ತಿಂಗಳವರೆಗೆ, ಮಣ್ಣು ಹದಕ್ಕೆ ಬಂದೊಡನೆ, ಬಿತ್ತನೆ ನಡೆಯುತ್ತದೆ. ಮೆಕ್ಕೆಜೋಳದ ಸಾಲಿನಿಂದ ಸಾಲಿಗೆ ಸಾಮಾನ್ಯವಾಗಿ 30 ಅಂಗುಲ ಅಂತರ. ಎಕರೆಗೆ 30 ಸಾವಿರಕ್ಕೂ ಹೆಚ್ಚು ಗಿಡಗಳು. ಬಿತ್ತುವ ಯಂತ್ರ ಉಪಗ್ರಹದ ಸಂಕೇತ ಹಿಡಿದು ಗೆರೆ ಎಳೆದಂತೆ ಸಾಗುತ್ತದೆ. ಸಾರಜನಕವನ್ನು ಬಹುತೇಕ ಅಮೋನಿಯ ಅನಿಲದ ರೂಪದಲ್ಲಿ ನೆಲದೊಳಕ್ಕೆ ಊಡಿಸಲಾಗುತ್ತದೆ. ಶರತ್ಕಾಲದಲ್ಲಿ ಊಡಿಸುವವರು ಮಣ್ಣಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ ಕಾಯಬೇಕು. ಇಲ್ಲವಾದರೆ ಅದು ನೈಟ್ರೇಟ್ ಆಗಿ ಮಾರ್ಪಟ್ಟು ವಸಂತದ ಮಳೆಗೆ ಕೊಚ್ಚಿಹೋಗುತ್ತದೆ. ಬೆಳೆ ಮೊಣಕಾಲೆತ್ತರ ಬಂದಾಗ ಕಂತಿನಲ್ಲಿ ಕೊಡುವ ಕ್ರಮವೂ ಇದೆ.

ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಕಟಾವು. ಕಾಳಿನ ತೇವಾಂಶ ಶೇಕಡಾ 15ಕ್ಕೆ ಇಳಿಯುವಂತೆ ಒಣಗಿಸಿ ಕಣಜಕ್ಕೆ ಸೇರಿಸಲಾಗುತ್ತದೆ. ಹೆಚ್ಚಿನ ತೇವಾಂಶವಿದ್ದರೆ ದರದಲ್ಲಿ ಕಡಿತ ಖಂಡಿತ. ಇತ್ತೀಚಿನ ವರ್ಷಗಳಲ್ಲಿ ಇಲಿನಾಯ್ ರಾಜ್ಯದ ಮೆಕ್ಕೆಜೋಳದ ಸರಾಸರಿ ಇಳುವರಿ ಎಕರೆಗೆ 200 ಬುಷೆಲ್ ದಾಟಿದೆ; 2023ರಲ್ಲಿ 206, 2024ರಲ್ಲಿ 217. ಒಂದು ಬುಷೆಲ್ ಮೆಕ್ಕೆಜೋಳ ಸುಮಾರು 25.4 ಕಿಲೋಗ್ರಾಂ ತೂಗುವುದರಿಂದ 200 ಬುಷೆಲ್ ಎಂದರೆ ಎಕರೆಗೆ ಸುಮಾರು 50 ಕ್ವಿಂಟಲ್. ಅಮೆರಿಕದ ಮೆಕ್ಕೆಜೋಳದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಥನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ.

ಮಣ್ಣಿನ ಖಾತೆ: ಒಂದು ಲೆಕ್ಕ

ಈಗ ಅಸಲು-ಬಡ್ಡಿಯ ಲೆಕ್ಕಕ್ಕೆ ಬರೋಣ. ಇದು ಕೃಷಿತಜ್ಞರು ಬಳಸುವ ಸ್ಥೂಲ ಲೆಕ್ಕ. ಹೊಲದಿಂದ ಹೊಲಕ್ಕೆ ಅಂಕಿಗಳು ಬದಲಾಗುತ್ತವೆ. ಒಂದು ಎಕರೆಯ ಮೇಲಿನ ಏಳು ಅಂಗುಲ ಮಣ್ಣಿನ ತೂಕ ಸುಮಾರು 9 ಲಕ್ಷ ಕಿಲೋಗ್ರಾಂ. ಅದರಲ್ಲಿ ಶೇಕಡಾ 4 ಸಾವಯವ ಅಂಶವಿದ್ದರೆ 36,000 ಕಿಲೋಗ್ರಾಂ ಆಯಿತು. ಸಾವಯವ ಅಂಶದಲ್ಲಿ ಸುಮಾರು ಶೇಕಡಾ 5 ಸಾರಜನಕವಿರುತ್ತದೆ. ಅಂದರೆ ಎಕರೆಯೊಂದರಲ್ಲಿ 1,800 ಕಿಲೋಗ್ರಾಂ ಸಾರಜನಕದ ಅಸಲು ಇದೆ. ವರ್ಷಕ್ಕೆ ಇದರ ಸುಮಾರು ಶೇಕಡಾ 2 ಮಾತ್ರ ಕರಗಿ ಬೆಳೆಗೆ ಸಿಗುತ್ತದೆ. ಬಡ್ಡಿ 36 ಕಿಲೋಗ್ರಾಂ.

ಖರ್ಚಿನ ಕಡೆ ನೋಡಿದರೆ, 50 ಕ್ವಿಂಟಲ್ ಮೆಕ್ಕೆಜೋಳದ ಕಾಳಿನೊಂದಿಗೆ ಸುಮಾರು 60 ಕಿಲೋಗ್ರಾಂ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಬಡ್ಡಿ ಸಾಲದು, ಹೊರಗಿನಿಂದ ಗೊಬ್ಬರ ತರಲೇಬೇಕು. ಸೋಯಾ ಅವರೆಯು ಗಾಳಿಯ ಸಾರಜನಕವನ್ನು ಹಿಡಿಯುತ್ತದೆಯಾದುದರಿಂದ ನೆಲವನ್ನು ಶ್ರೀಮಂತಗೊಳಿಸುತ್ತದೆ ಎಂಬ ನಂಬಿಕೆ ಸಾಮಾನ್ಯ. ಆದರೆ 16 ಕ್ವಿಂಟಲ್ ಸೋಯಾ ಕಾಳಿನಲ್ಲಿ ಸುಮಾರು 95 ಕಿಲೋಗ್ರಾಂ ಸಾರಜನಕವಿರುತ್ತದೆ. ಗಾಳಿಯಿಂದ ಬರುವುದು ಸ್ಥೂಲವಾಗಿ ಅರ್ಧ. ಉಳಿದದ್ದು ಮಣ್ಣಿನದೇ. ಆದುದರಿಂದ ಈ ಎರಡು ಬೆಳೆಗಳ ಪರ್ಯಾಯವು ಪ್ರೇರಿಯ ಹುಲ್ಲು ಮಾಡಿದ್ದ ಜಮೆಯನ್ನು ಮಾಡಲಾರದು. ಉಳುಮೆ ಆರಂಭವಾದಂದಿನಿಂದ ಈ ಬಯಲಿನ ಮಣ್ಣುಗಳು ತಮ್ಮ ಮೂಲ ಸಾವಯವ ಇಂಗಾಲದಲ್ಲಿ ಮೂರನೆಯ ಒಂದರಿಂದ ಅರ್ಧದವರೆಗೆ ಕಳೆದುಕೊಂಡಿವೆ ಎಂಬುದು ಮಣ್ಣು ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ.

ಮಾರೋ ತಾಕುಗಳ ಸಾಕ್ಷ್ಯ

ಈ ಲೆಕ್ಕವನ್ನು ಪರೀಕ್ಷಿಸಲು ಒಂದು ಹಳೆಯ ಖಾತೆಪುಸ್ತಕ ಲಭ್ಯವಿದೆ. ಅರ್ಬಾನ ಪಟ್ಟಣದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ 1876ರಲ್ಲಿ ಆರಂಭವಾದ 'ಮಾರೋ ತಾಕು'ಗಳು ಅಮೆರಿಕದಲ್ಲಿ ನಿರಂತರವಾಗಿ ನಡೆದುಬಂದ ಕೃಷಿ ಪ್ರಯೋಗಗಳಲ್ಲಿ ಅತ್ಯಂತ ಹಳೆಯವು. ಅಲ್ಲಿಯ ಮಣ್ಣು ಡ್ರಮ್ಮರ್‌ನ ನೆರೆಯದಾದ ಫ್ಲಾನಗನ್ ಜಾತಿಗೆ ಸೇರಿದೆ. ಹತ್ತು ತಾಕುಗಳಲ್ಲಿ ಈಗ ಮೂರು ಉಳಿದಿವೆ. ಒಂದರಲ್ಲಿ ಪ್ರತಿ ವರ್ಷವೂ ಮೆಕ್ಕೆಜೋಳ. ಎರಡನೆಯದರಲ್ಲಿ ಎರಡು ಬೆಳೆಗಳ ಪರ್ಯಾಯ. ಮೂರನೆಯದರಲ್ಲಿ ಮೆಕ್ಕೆಜೋಳ, ಓಟ್ಸ್ ಮತ್ತು ದ್ವಿದಳ ಮೇವಿನ ಬೆಳೆಯ ಮೂರು ವರ್ಷದ ಸರದಿ. 1904ರಿಂದ ಅರ್ಧ ಭಾಗಕ್ಕೆ ಕೊಟ್ಟಿಗೆ ಗೊಬ್ಬರ, ಸುಣ್ಣ ಮತ್ತು ರಂಜಕವನ್ನು ಕೊಡಲಾಯಿತು. 1955ರಲ್ಲಿ ರಾಸಾಯನಿಕ ಗೊಬ್ಬರವನ್ನು ಸೇರಿಸಲಾಯಿತು.

ಫಲಿತಾಂಶವು ಸ್ಪಷ್ಟವಾಗಿದೆ. ಏನನ್ನೂ ಹಿಂದಿರುಗಿಸದೆ ಪ್ರತಿ ವರ್ಷ ಮೆಕ್ಕೆಜೋಳವನ್ನೇ ಬೆಳೆದ ತುಂಡು, ಇಳುವರಿಯಲ್ಲಿಯೂ ಸಾವಯವ ಅಂಶದಲ್ಲಿಯೂ ಎಲ್ಲಕ್ಕಿಂತ ಕೆಳಗಿದೆ. ಸರದಿ ಬೆಳೆ ಮತ್ತು ಗೊಬ್ಬರ ಎರಡನ್ನೂ ಪಡೆದ ತುಂಡು ಮೇಲಿದೆ. ಒಂದೇ ಪ್ರಮಾಣದ ಗೊಬ್ಬರ ಕೊಟ್ಟರೂ ಸರದಿಯ ಹೊಲ ಒಂಟಿ ಬೆಳೆಯ ಹೊಲಕ್ಕಿಂತ ಹೆಚ್ಚು ಕೊಡುತ್ತದೆ. 1955ರಲ್ಲಿ ಸೊರಗಿದ ತುಂಡಿಗೆ ಗೊಬ್ಬರ ಬಿದ್ದಾಗ ಇಳುವರಿ ಒಮ್ಮೆಗೇ ಏರಿತು. ಅಂದರೆ ಗೊಬ್ಬರವು ಬಡ್ಡಿಯ ಕೊರತೆಯನ್ನು ತುಂಬಬಲ್ಲದು. ಆದರೆ ಅದರಿಂದ ಅಸಲು ಬೆಳೆಯುತ್ತದೆಯೇ? 2007ರಲ್ಲಿ ಅದೇ ವಿಶ್ವವಿದ್ಯಾಲಯದ ಸಂಶೋಧಕರು ದಶಕಗಳ ರಾಸಾಯನಿಕ ಗೊಬ್ಬರದ ನಂತರವೂ ಮಣ್ಣಿನ ಇಂಗಾಲ ಇಳಿದಿದೆ ಎಂದು ಪ್ರಕಟಿಸಿದರು. ಇತರ ವಿಜ್ಞಾನಿಗಳು ಇದನ್ನು ಪ್ರಶ್ನಿಸಿದರು. ಚರ್ಚೆ ದೀರ್ಘವಾಗಿ ನಡೆಯಿತು. 1969ರಲ್ಲಿ ವಿಶ್ವವಿದ್ಯಾಲಯವು ಪಕ್ಕದಲ್ಲಿ ಗ್ರಂಥಾಲಯ ಕಟ್ಟಿದಾಗ ಈ ತಾಕುಗಳ ಮೇಲೆ ನೆರಳು ಬೀಳಬಾರದೆಂದು ಅದನ್ನು ನೆಲದಡಿಯಲ್ಲಿ ಕಟ್ಟಿಸಿತು. ನೂರು ವರ್ಷದ ಲೆಕ್ಕಪತ್ರಕ್ಕೆ ಸಲ್ಲಿಸಿದ ಗೌರವ ಅದು.

ಸೋರಿಕೆಯ ಬಾಬತ್ತು

ಬೆಳೆ ಒಯ್ಯುವುದನ್ನು ಖರ್ಚೆನ್ನಬಹುದು. ಪ್ರತಿಫಲವಿಲ್ಲದೆ ಹೋಗುವುದನ್ನು ನಷ್ಟವೆನ್ನಬೇಕು. ನಷ್ಟದ ದಾರಿಗಳು ಎರಡು. ಮೊದಲನೆಯದು ಮಣ್ಣಿನ ಸವಕಳಿ. 2021ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಉಪಗ್ರಹ ಚಿತ್ರಗಳ ನೆರವಿನಿಂದ, ಮೆಕ್ಕೆಜೋಳ ಬೆಳೆಯುವ ಈ ಇಡೀ ವಲಯದ ಸಾಗುವಳಿ ಭೂಮಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ತನ್ನ ಕಪ್ಪು ಮೇಲ್ಮಣ್ಣನ್ನು ಪೂರ್ತಿಯಾಗಿ ಕಳೆದುಕೊಂಡಿದೆ ಎಂದು ಅಂದಾಜು ಮಾಡಿದರು. ಇದರಿಂದ ರೈತರಿಗೆ ವರ್ಷಕ್ಕೆ ಸುಮಾರು 280 ಕೋಟಿ ಡಾಲರ್ ನಷ್ಟವೆಂಬುದು ಅವರ ಲೆಕ್ಕ. ಸವೆದದ್ದು ಮುಖ್ಯವಾಗಿ ದಿಬ್ಬಗಳ ನೆತ್ತಿ. ತಗ್ಗಿನಲ್ಲಿರುವ ಡ್ರಮ್ಮರ್ ಹೊಲಕ್ಕೆ ಆ ಮಣ್ಣು ಬಂದು ಸೇರುವುದೂ ಉಂಟು. ಆದರೆ ಸಪಾಟು ನೆಲಕ್ಕೂ ಗಾಳಿಯ ಭಯ ತಪ್ಪಿದ್ದಲ್ಲ. 2023ರ ಮೇ 1ರಂದು ಮಧ್ಯ ಇಲಿನಾಯ್‌ನಲ್ಲಿ ಹೊಸದಾಗಿ ಉತ್ತ ಹೊಲಗಳಿಂದ ಎದ್ದ ಧೂಳು ಹೆದ್ದಾರಿಯನ್ನು ಮುಸುಕಿ, ಎಪ್ಪತ್ತಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಡಿಕ್ಕಿಯಾಗಿ ಹಲವರು ಪ್ರಾಣ ಕಳೆದುಕೊಂಡರು.

ಎರಡನೆಯ ದಾರಿ ಆ ಕೊಳವೆಗಳೇ. ನೀರನ್ನು ಬಸಿದು ನೆಲವನ್ನು ಬೆಳೆಗೆ ಯೋಗ್ಯಗೊಳಿಸಿದ ಕೊಳವೆಯು ಕರಗಿದ ನೈಟ್ರೇಟನ್ನೂ ಹೊರಗೆ ಒಯ್ಯುತ್ತದೆ. ಅದು ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಯನ್ನು ಸೇರಿ ಪಾಚಿಯನ್ನು ಬೆಳೆಸುತ್ತದೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಜಲಚರಗಳು ಬದುಕಲಾರದ ವಲಯ ಉಂಟಾಗುತ್ತದೆ. 2017ರ ಬೇಸಿಗೆಯಲ್ಲಿ ಈ ವಲಯವು ಸುಮಾರು 22,700 ಚದರ ಕಿಲೋಮೀಟರಿಗೆ ವ್ಯಾಪಿಸಿತ್ತು. ನೆರೆಯ ಅಯೋವಾ ರಾಜ್ಯದ ಡೆಮಾಯ್ನ್ ನಗರದ ಜಲಮಂಡಳಿಯು 1991ರಲ್ಲಿಯೇ ಕುಡಿಯುವ ನೀರಿನಿಂದ ನೈಟ್ರೇಟ್ ತೆಗೆಯುವ ಸ್ಥಾವರವನ್ನು ಕಟ್ಟಬೇಕಾಯಿತು. 2015ರಲ್ಲಿ ಅದು ಮೇಲ್ಭಾಗದ ಬಸಿಗಾಲುವೆ ಸಂಘಗಳ ಮೇಲೆ ಹೂಡಿದ ಮೊಕದ್ದಮೆ 2017ರಲ್ಲಿ ವಜಾ ಆಯಿತು. ರೈತನ ಖಾತೆಯಲ್ಲಿ ಕಾಣದ ನಷ್ಟವು ಪಟ್ಟಣದ ನೀರಿನ ಬಿಲ್ಲಿನಲ್ಲಿ ಕಾಣಿಸಿಕೊಂಡಿತು.

ತಿದ್ದುಪಡಿಯ ಕ್ರಮಗಳು

ಪರಿಹಾರಗಳು ಗೊತ್ತಿಲ್ಲದವಲ್ಲ. ಉಳುಮೆಯಿಲ್ಲದೆ ಕೂಳೆಯ ನಡುವೆಯೇ ಬಿತ್ತುವುದು. ಬಿತ್ತುವ ಸಾಲನ್ನಷ್ಟೇ ಉತ್ತು ಉಳಿದ ನೆಲವನ್ನು ಮುಟ್ಟದಿರುವುದು. ಚಳಿಗಾಲದಲ್ಲಿ ರೈ ಧಾನ್ಯದಂತಹ ಹೊದಿಕೆ ಬೆಳೆಯಿಂದ ನೆಲವನ್ನು ಮುಚ್ಚುವುದು. ನೀರು ಹರಿಯುವ ತಗ್ಗನ್ನು ಹುಲ್ಲಿಗೆ ಬಿಡುವುದು. ಕೊಳವೆಯ ಬಾಯಿಯಲ್ಲಿ ಮರದ ಚಕ್ಕೆ ತುಂಬಿದ ಗುಂಡಿಯ ಮೂಲಕ ನೀರನ್ನು ಹಾಯಿಸಿ ನೈಟ್ರೇಟನ್ನು ಕಡಿಮೆ ಮಾಡುವುದು. ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಇಳಿಜಾರಿನ ಹೊಲದ ಹತ್ತನೆಯ ಒಂದು ಭಾಗವನ್ನು ಪ್ರೇರಿ ಹುಲ್ಲಿನ ಪಟ್ಟಿಗಳಾಗಿ ಬಿಟ್ಟಾಗ ಕೊಚ್ಚಿಹೋಗುವ ಮಣ್ಣು ಶೇಕಡಾ 95ರಷ್ಟು ಕಡಿಮೆಯಾಯಿತು. ಇಲಿನಾಯ್‌ನಲ್ಲಿ ಒಮ್ಮೆ ಸುಮಾರು 2 ಕೋಟಿ 20 ಲಕ್ಷ ಎಕರೆಯಿದ್ದ ಪ್ರೇರಿಯಲ್ಲಿ ಮೂಲ ಸ್ವರೂಪದಲ್ಲಿ ಉಳಿದಿರುವುದು ಸಾವಿರಕ್ಕೆ ಒಂದು ಪಾಲೂ ಇಲ್ಲ. ಹುಲ್ಲಿನ ಸಣ್ಣ ಪಟ್ಟಿಯೂ ಇಷ್ಟು ಕೆಲಸ ಮಾಡುತ್ತದೆಂಬುದು ವಿಚಾರಯೋಗ್ಯ.

ಹಾಗಿದ್ದರೂ ಈ ಕ್ರಮಗಳ ಹರಡುವಿಕೆ ನಿಧಾನವಾಗಿದೆ. ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಗೇಣಿಯ ಸ್ವರೂಪ. ಇಲಿನಾಯ್‌ನ ಕೃಷಿಭೂಮಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಯ ಮೇಲೆ ನಡೆಯುತ್ತದೆ. ವರ್ಷ ವರ್ಷ ನವೀಕರಿಸುವ ನಗದು ಗೇಣಿಯ ಕರಾರಿನಲ್ಲಿ ಸಾಗುವಳಿದಾರನಿಗೆ ಹತ್ತು ವರ್ಷದ ನಂತರ ಫಲ ಕೊಡುವ ಹೊದಿಕೆ ಬೆಳೆಗೆ ಹಣ ಹಾಕುವ ಉತ್ಸಾಹ ಹೇಗೆ ಬಂದೀತು? ಭೂಮಿಯ ಬೆಲೆಯನ್ನು ಮಣ್ಣಿನ ಜಾತಿಗೆ ಕೊಟ್ಟ ಉತ್ಪಾದಕತಾ ಅಂಕದ ಮೇಲೆ ಗೊತ್ತುಪಡಿಸುವ ಪದ್ಧತಿ ಅಲ್ಲಿದೆ. ಡ್ರಮ್ಮರ್ ಮಣ್ಣು ಮೇಲಿನ ದರ್ಜೆಗೆ ಸೇರುತ್ತದೆ. ಆದರೆ ಆ ಅಂಕ ಮಣ್ಣಿನ ಜಾತಿಯನ್ನು ಹೇಳುತ್ತದೆಯೇ ಹೊರತು, ಈ ನಿರ್ದಿಷ್ಟ ಹೊಲವನ್ನು ಕಳೆದ ಇಪ್ಪತ್ತು ವರ್ಷ ಹೇಗೆ ನೋಡಿಕೊಳ್ಳಲಾಯಿತು ಎಂಬುದನ್ನು ಹೇಳುವುದಿಲ್ಲ. ಕಾಳಿಗೆ ದರ್ಜೆ ಕಟ್ಟಲು ಕಲಿತ ಮಾರುಕಟ್ಟೆಯು ಮಣ್ಣಿನ ಪಾಲನೆಗೆ ದರ್ಜೆ ಕಟ್ಟಲು ಇನ್ನೂ ಕಲಿತಿಲ್ಲ.

ನಮ್ಮ ನಾಡಿಗೆ ಇರುವ ನಂಟು

ಈ ಬಯಲಿಗೂ ನಮಗೂ ಒಂದು ನೇರ ಸಂಬಂಧವಿದೆ. 1960ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಹಕಾರದೊಂದಿಗೆ ಪಂತನಗರ ಮತ್ತು ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ನಡೆದ ಪ್ರಯೋಗಗಳಿಂದಲೇ ಸೋಯಾ ಅವರೆಯು ಭಾರತದಲ್ಲಿ ವಾಣಿಜ್ಯ ಬೆಳೆಯಾಗಿ ನೆಲೆಯೂರಿತು. ಇಂದು ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಮಾರುಕಟ್ಟೆಗಳಿಗೆ ಬರುವ ಸೋಯಾ ಈ ಪರಂಪರೆಗೆ ಸೇರಿದ್ದು.

ಆದರೆ ಬಣ್ಣ ನೋಡಿ ನಮ್ಮ ಎರೆಭೂಮಿಯನ್ನು ಪ್ರೇರಿಯ ಕರಿಮಣ್ಣಿನೊಂದಿಗೆ ಸಮೀಕರಿಸುವುದು ತಪ್ಪಾದೀತು. ಅಲ್ಲಿಯ ಕಪ್ಪು ಸಾವಯವ ಅಂಶದ ಕಪ್ಪು. ನಮ್ಮ ಎರೆಮಣ್ಣಿನಲ್ಲಿ ಹಿಗ್ಗಿ ಕುಗ್ಗುವ ಜೇಡಿಯೇ ಪ್ರಧಾನ. ಬಹುಪಾಲು ಕಡೆ ಸಾವಯವ ಇಂಗಾಲ ಶೇಕಡಾ 1ಕ್ಕಿಂತ ಕಡಿಮೆ. ಬಿಸಿಲ ನಾಡಿನಲ್ಲಿ ಕೊಳೆಯುವ ಕ್ರಿಯೆ ವೇಗವಾಗಿರುವುದರಿಂದ ನಮ್ಮ ಅಸಲು ಮೊದಲೇ ಚಿಕ್ಕದು. ಅದನ್ನು ಕಾಯುವ ಹೊಣೆ ಅಷ್ಟೇ ದೊಡ್ಡದು. 2009ರಲ್ಲಿ ರಾಜ್ಯ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯೊಡನೆ ಕೈಗೊಂಡ 'ಭೂಚೇತನ' ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಸತು, ಬೋರಾನ್ ಮತ್ತು ಗಂಧಕದ ಕೊರತೆ ವ್ಯಾಪಕವಾಗಿ ಕಂಡುಬಂದದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಗಳಲ್ಲಿ ನೆಲದಡಿಯ ಬಸಿಕೊಳವೆಗಳ ಪ್ರಯೋಗ ನಡೆದಿದೆ. ಒಬ್ಬನ ಹೊಲದಿಂದ ಮಾತ್ರ ಆಗದ ಈ ಕೆಲಸಕ್ಕೆ ಸಂಘಟನೆ, ಕೊಳವೆ, ಯಂತ್ರ ಮೂರೂ ಬೇಕು. ಇಲಿನಾಯ್‌ನ ಕಥೆಯಲ್ಲಿ ಸಣ್ಣ ಉದ್ಯಮಿ ವಹಿಸಿದ ಪಾತ್ರವನ್ನು ನಮ್ಮ ಉದ್ಯಮಿಗಳು ಇಲ್ಲಿ ಗಮನಿಸಬಹುದು.

ಉಪಸಂಹಾರ

ಪ್ರೇರಿಯ ಕರಿಮಣ್ಣು ತನ್ನಷ್ಟಕ್ಕೆ ಸಂಪತ್ತಾಗಿರಲಿಲ್ಲ. ಉಕ್ಕಿನ ನೇಗಿಲು, ಜೇಡಿಯ ಕೊಳವೆ, ರೈಲು, ಕಣಜ ಮತ್ತು ವರ್ತಕರ ಸಂಘದ ದರ್ಜೆಪಟ್ಟಿ ಕೂಡಿ ಅದನ್ನು ಸಂಪತ್ತಾಗಿ ಮಾಡಿದವು. ಅದೇ ಸಾಧನಗಳು ಸಾವಿರಾರು ವರ್ಷದ ಜಮೆಯಲ್ಲಿ ಮೂರನೆಯ ಒಂದರಿಂದ ಅರ್ಧದವರೆಗೆ ಒಂದೂವರೆ ಶತಮಾನದಲ್ಲಿ ತೆಗೆದು ಬಳಸುವುದನ್ನೂ ಸುಲಭಗೊಳಿಸಿದವು. ಗಿರಣಿ ನಡೆಸುವವರು, ಎಣ್ಣೆಗಾಣ ನಡೆಸುವವರು, ಕಾಳುಕಡಿಯ ವರ್ತಕರು ತಮ್ಮ ವರ್ಷಾಂತ್ಯದ ತಃಖ್ತೆಯಲ್ಲಿ ಕಟ್ಟಡಕ್ಕೂ ಯಂತ್ರಕ್ಕೂ ಸವಕಳಿ ಬರೆಯುತ್ತಾರೆ. ತಮಗೆ ಮಾಲು ಒದಗಿಸುವ ಹೊಲಗಳ ಸವಕಳಿಗೆ ಅಲ್ಲಿ ಕಾಲಂ ಇಲ್ಲ. ಖರೀದಿಯ ಪ್ರದೇಶದ ರೈತರೊಡನೆ ಮಣ್ಣು ಪರೀಕ್ಷೆಯ ಫಲಿತಾಂಶವನ್ನು ವಿಚಾರಿಸುವುದು, ಐದು ವರ್ಷಕ್ಕೊಮ್ಮೆ ಅದೇ ಹೊಲದ ಸಾವಯವ ಇಂಗಾಲವನ್ನು ಹೋಲಿಸಿ ನೋಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಆ ಒಂದು ಅಂಕಿ ಏರುತ್ತಿದ್ದರೆ ವ್ಯಾಪಾರದ ಬುನಾದಿ ಗಟ್ಟಿಯಾಗಿದೆಯೆಂದೂ, ಇಳಿಯುತ್ತಿದ್ದರೆ ಇಂದಿನ ಲಾಭದಲ್ಲಿ ನಾಳೆಯ ಅಸಲು ಸೇರಿಕೊಂಡಿದೆಯೆಂದೂ ತಿಳಿಯಬಹುದು.